ಎದುರಂಗಡಿಯವನ ಮುಖ, ನನ್ನ ಬೆನ್ನು

ಅಂಗಡಿ ಕಟ್ಟೆಯ ಮೇಲೆ ಕೂತವನು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಬೋಣಿಗೆಯ ಗಿರಾಕಿಗಿಂತ ಮೊದಲೇ ಬಂದು ಕೂಡುತ್ತದೆ, ಇದ್ದಬದ್ದ ಗಂಟೆಲ್ಲ ಬಿಚ್ಚಿಸುತ್ತದೆ, ಏನೂ ಕೊಳ್ಳದೆ ಎದ್ದು ಹೋಗುತ್ತದೆ. ಹಳಿಯಾಳ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟುಕೊಂಡ ನನ್ನ ಪಾಲಿಗೆ ಹೀಗೆ ಬಂದದ್ದು ಬಹಳ. ಆದರೆ ಒಂದು ಚಳಿಗಾಲದಲ್ಲಿ ಬಂದಷ್ಟು ಮತ್ತೆಂದೂ ಬರಲಿಲ್ಲ. ಎರಡನೇ ದೊಡ್ಡ ಯುದ್ಧ ಸುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು.

ಕನ್ನಡ ಶಾಲೆಯ ಮಾಸ್ತರರ ಮಗ ಪುಣೆಯ ಸಿನಿಮಾ ಕಂಪನಿಯೊಂದರಲ್ಲಿ ನಾಲ್ಕು ವರ್ಷ ದುಡಿದು, ಅಲ್ಲಿಯವರ ಜೋಡಿ ಜಗಳಾಡಿ, ಕೈಯಿಂದ ತಿರುವುವ ಒಂದು ಕ್ಯಾಮೆರಾ ಹೊತ್ತುಕೊಂಡು ಊರಿಗೆ ಬಂದ. ತನ್ನ ಸಿನಿಮಾದಲ್ಲಿ ರಾಜ ಇಲ್ಲ, ರಾಣಿ ಇಲ್ಲ, ಹಾಡೂ ಇಲ್ಲ ಅಂದ. ನಮ್ಮ ಸೀಮೆಯ ಮಂದಿ ಹೇಗೆ ಬದುಕುತ್ತಾರೆ, ಹರೆಯದವರು ಏನು ಮಾಡುತ್ತಾರೆ, ಎಷ್ಟು ಪೆಟ್ಟು ತಿಂದರೂ ಹೇಗೆ ಎದ್ದು ನಿಲ್ಲುತ್ತಾರೆ, ಅಷ್ಟನ್ನೇ ತೆಗೆಯುತ್ತಾನಂತೆ.

"ಇದ್ದದ್ದು ಇದ್ದಂಗ, ಕಾಕಾ" ಅಂದ.

ನಾನು ಅಂಥ ಪೆಟ್ಟು ತಿಂದವನಲ್ಲ, ಹರೆಯವೂ ಮುಗಿದಿತ್ತು. ಆದರೂ ಆ ಸಿನಿಮಾದಲ್ಲಿ ನಾನು ಇರಲೇಬೇಕು ಅನ್ನಿಸಿತು. ಕಾರಣ ಸರಳ. ಎದುರಿನ ಭಾಂಡೆ ಅಂಗಡಿಯ ಸಾವಕಾರನಿಗೂ ಹಾಗೇ ಅನ್ನಿಸಿತ್ತು. ಅವನು ಹಿತ್ತಾಳೆ, ತಾಮ್ರ ಮಾರುವವ. ನಾನು ಅರಿವೆ ಮಾರುವವ. ವ್ಯಾಪಾರದಲ್ಲಿ ಒಬ್ಬರಿಗೊಬ್ಬರು ಅಡ್ಡ ಬರುವ ಮಾತೇ ಇಲ್ಲ. ಆದರೆ ಹತ್ತೊಂಬತ್ತು ವರ್ಷ ಒಬ್ಬನ ಮುಖವನ್ನೇ ನೋಡುತ್ತ ಕೂತರೆ ಮತ್ಸರಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ. ಎದುರಿಗೆ ಸಿಕ್ಕಾಗ "ಬರ್ರಿ, ಚಾ ಕುಡೀರಿ". ಬೆನ್ನು ತಿರುಗಿದರೆ "ಅವಾ". ಅವನು ಅಂಗಡಿಯ ಬಾಗಿಲಿಗೆ ಬಣ್ಣ ಹಚ್ಚಿದರೆ ನನ್ನ ಹೊಟ್ಟೆಯೊಳಗೆ ಸುಣ್ಣ ಕುದಿಯುತ್ತಿತ್ತು.

ಬಿಸಿಲು ಅವನ ಕಡೆ

ಮೊದಲ ದಿನ ಹುಡುಗ ಕ್ಯಾಮೆರಾ ತಂದು ಇಟ್ಟದ್ದು ಭಾಂಡೆ ಅಂಗಡಿಯ ಮುಂದೆ. ನಾನು ಹೊಸ ಕೋಟು ಹಾಕಿ, ರುಮಾಲು ಸುತ್ತಿ, ಕಟ್ಟೆಯ ತುದಿಗೆ ಬಂದು ನಾಲ್ಕು ಸಲ ಕೆಮ್ಮಿದೆ. ಅವನು ತಿರುಗಿ ನೋಡಲಿಲ್ಲ. ಕಡೆಗೆ ನಾನೇ ಹೋಗಿ ಕೇಳಿದೆ, "ತಮ್ಮಾ, ಸಾಲಿ ಕಲಿಯೂ ಮುಂದ ನಿನಗ ಅಂಗಿ ಕೊಟ್ಟಂವ ಯಾರು?"

"ನೀವ ಕಾಕಾ. ಆದ್ರ ಮುಂಜಾನಿ ಬಿಸಲು ಇವರ ಅಂಗಡಿಗೆ ಬೀಳ್ತೈತಿ. ನಿಮ್ಮ ಕಡೆ ನೆರಳು."

ಹತ್ತೊಂಬತ್ತು ವರ್ಷ ಇದೇ ನೆರಳಿಗೆ ನಾನು ಗಿರಾಕಿಗಳ ಮುಂದೆ ಜಂಬ ಕೊಚ್ಚಿದ್ದೆ. ಅಂದು ಸೂರ್ಯನೂ ಅವನ ಬೀಗನೇ ಇರಬೇಕು ಅನ್ನಿಸಿತು.

"ಹಂಗಾದ್ರ ಮಧ್ಯಾಹ್ನದ ಮ್ಯಾಲೆ ಬಾ. ಆವಾಗ ಬಿಸಲು ನಂದು" ಅಂದೆ.

ಮಾತಿನಂತೆ ಬಂದ. ಕೋಟಿನ ಗುಂಡಿ ನೋಡಿಕೊಂಡು ನಾನು ಗಾದಿಯ ಮೇಲೆ ಕೂತೆ. ಹುಡುಗ ಹಿಡಿಕೆಗೆ ಕೈ ಹಾಕುವ ಹೊತ್ತಿಗೆ ಭಾಂಡೆ ಸಾವಕಾರ ರಸ್ತೆ ದಾಟಿ ಬಂದು ನನ್ನ ಮುಂದೆ ಕೂತ. ಮಗಳಿಗೆ ಸೀರೆ ಬೇಕಂತೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಟವೆಲ್ಲೂ ನನ್ನಲ್ಲಿ ಕೊಂಡವನಲ್ಲ. ಗಿರಾಕಿಯನ್ನು ಎಬ್ಬಿಸಿ ಕಳಿಸುವುದು ವ್ಯಾಪಾರಿಗೆ ಆಗದ ಕೆಲಸ. ನಾನು ಸೀರೆ ತೆಗೆಯಲೆಂದು ಕಪಾಟಿನ ಕಡೆ ತಿರುಗಿದಾಗೆಲ್ಲ ಅವನು ಬಿಸಿಲಿಗೆ ಮುಖ ಕೊಟ್ಟು, "ಮ್ಯಾಲಿಂದು ತೋರಸ್ರಿ, ಅದರ ಮ್ಯಾಲಿಂದು" ಅನ್ನುತ್ತಿದ್ದ. ಇಪ್ಪತ್ತೆರಡು ಸೀರೆ ಬಿಚ್ಚಿಸಿದ.

ಹುಡುಗ ಕ್ಯಾಮೆರಾ ಮುಚ್ಚಿಕೊಂಡು ಅಂದ, "ಭಾರಿ ಬಂತು ಕಾಕಾ. ಅವರ ಮುಖ, ನಿಮ್ಮ ಬೆನ್ನು."

ನಾಲ್ಕು ಸಲ ನಡೆದವಳು

ಮರುವಾರ ಹುಡುಗ ಗೌಳಿ ಬಾಯಿಯನ್ನು ತೆಗೆಯಲು ನಿಂತ. ಅವಳು ಕಾಡಂಚಿನ ದೊಡ್ಡಿಯಿಂದ ಬೆಣ್ಣೆ ಗಡಿಗೆ ಹೊತ್ತು ಎರಡು ಹರದಾರಿ ನಡೆದು ಪೇಟೆಗೆ ಬರುವ ಹೆಂಗಸು. ಗಂಡ ಇಲ್ಲ, ಮೂರು ಎಮ್ಮೆ, ಇಬ್ಬರು ಹೆಣ್ಣುಮಕ್ಕಳು. ಬಾಯಿ ಮಾತ್ರ ನಮ್ಮ ಇಡೀ ಪೇಟೆಗೆ ಸಾಲುವಷ್ಟು.

ಹುಡುಗ ಅವಳನ್ನು ಬಾವಿಯ ಹತ್ತಿರದಿಂದ ನನ್ನ ಅಂಗಡಿಯವರೆಗೆ ನಡೆಸಿದ. "ಬಾಯಿ, ಇನ್ನೊಮ್ಮೆ" ಅಂದ. ಅವಳು ಹೋಗಿ ಮತ್ತೆ ನಡೆದಳು. ಗಾಡಿ ಅಡ್ಡ ಬಂತೆಂದು ಮತ್ತೊಮ್ಮೆ. ಎತ್ತು ಕ್ಯಾಮೆರಾ ನೋಡಿ ಬೆದರಿತೆಂದು ಇನ್ನೂ ಒಮ್ಮೆ.

ನನ್ನ ಬೆನ್ನಿಗೆ ಒಂದೇ ಸಲ, ಇವಳ ನಡಿಗೆಗೆ ನಾಲ್ಕು ಸಲ! "ಪುಣ್ಯಾ ಮಾಡೀ ಬಾಯಿ" ಅಂದೆ.

ಅವಳು ನನ್ನ ಕಟ್ಟೆಗೆ ಗಡಿಗೆ ಇಳಿಸಿ, ಒಳಗೆ ಬೆರಳು ಅದ್ದಿ ನೋಡಿದಳು. "ಎಂಥಾ ಪುಣ್ಯಾನೋ ಸಾವಕಾರ್ರ. ಮೊದಲನೇ ಸಲ ನಡದಾಗ ಬೆಣ್ಣಿ ಇತ್ತು. ನಾಕನೇ ಸಲಕ್ಕ ತುಪ್ಪ ಆಗೈತಿ."

ಹೆಣದ ಅರಿವೆ

ಊರಿನ ಹರೆಯದ ಹುಡುಗರನ್ನು ಕೂಡಿಸಿ ಮಾಸ್ತರರ ಮಗ ಒಂದು ನಾಟಕವನ್ನೂ ಬರೆದು ಆಡಿಸಿದ. ಪ್ಲೇಗ್ ಬಂದು ಊರು ಬಿಟ್ಟವರು ಬಯಲಲ್ಲಿ ಗುಡಿಸಲು ಹಾಕಿ, ಸತ್ತವರನ್ನು ಮಣ್ಣು ಮಾಡಿ, ಮತ್ತೆ ಊರಿಗೆ ಬಂದು ಒಲೆ ಹಚ್ಚುವ ಕತೆ. ಕ್ಯಾಮೆರಾಕ್ಕೆ ಬೆಳಕು ಬೇಕೆಂದು ಶಾಲೆಯ ಅಂಗಳದಲ್ಲಿ ಹಾಡಹಗಲೇ ಆಟ.

ಭಾಂಡೆ ಸಾವಕಾರ ಒಂದು ದೊಡ್ಡ ತಾಮ್ರದ ಹಂಡೆ ಕೊಟ್ಟ. ನಾನು ಬಿಡುತ್ತೇನೆಯೇ? ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ನಯವಾದ ಮಲಮಲ್ಲಿನ ಬಿಳಿ ಅರಿವೆ, ಕತ್ತರಿಸದ ಇಡೀ ತಾನು, ಕೊಟ್ಟೆ. ನಾಯಕನಿಗೆ ಪಂಚೆ, ಅಂಗಿ, ರುಮಾಲು ಆಗಲಿ ಅಂತ.

ಪರದೆ ಎದ್ದಿತು. ಹಂಡೆ ನಟ್ಟನಡುವೆ, ಹುಣಸೆಹಣ್ಣು ತಿಕ್ಕಿಸಿಕೊಂಡು, ಮದುವೆಗಂಡಿನಂತೆ ಹೊಳೆಯುತ್ತ ನಿಂತಿದೆ. ಊರು ಬಿಟ್ಟಾಗ ಹಂಡೆ ಹೊತ್ತರು. ಗುಡಿಸಲಲ್ಲಿ ಹಂಡೆಯ ಪಕ್ಕ ಅತ್ತರು. ನನ್ನ ಮಲಮಲ್ಲು ಎಲ್ಲೂ ಇಲ್ಲ. ನಾಯಕ ಹಳೇ ಕಂಬಳಿ ಹೊದ್ದಿದ್ದಾನೆ. ಮೂರನೇ ಅಂಕದಲ್ಲಿ ನಾಯಕನ ಅಪ್ಪ ಸತ್ತ. ಆಗ ಬಂತು ನನ್ನ ತಾನು. ತಲೆಯಿಂದ ಕಾಲಿನವರೆಗೆ ಹೆಣಕ್ಕೆ ಹೊದಿಸಿದರು. ಪಕ್ಕದಲ್ಲಿದ್ದ ಭಾಂಡೆ ಸಾವಕಾರ ನನ್ನ ತೊಡೆ ತಟ್ಟಿ, "ಅರಿವಿ ಭಾಳ ಚಲೋ ಐತ್ರಿ. ಹೆಣಾನೂ ಎದ್ದು ನೋಡಬೇಕು, ಹಂಗೈತಿ" ಅಂದ.

ಮುಂಡಗೋಡದ ಕಡೆಯ ಮದುವೆಯವರು ಗಾಡಿ ಕಟ್ಟಿಕೊಂಡು ಹಿಂದಿನ ದಿನವೇ ಊರಿಗೆ ಬಂದು ಇಳಿದಿದ್ದರು, ಮರುದಿನ ನನ್ನ ಅಂಗಡಿಗೆ ಬಂದರು. ಮಲಮಲ್ಲು ಮುಟ್ಟಿ ನೋಡಿದರು, ತಲೆದೂಗಿದರು. ಅವರಲ್ಲಿ ಹಿರಿಯವನು ಕೈ ಮುಗಿದು ಅಂದ, "ನಿನ್ನೆ ನಾಟಕದಾಗ ಇದನ್ನ ನೋಡೇವ್ರಿ. ಸದ್ಯಕ್ಕ ಮದಿವಿ ಐತಿ. ಆ ಹೊತ್ತು ಬಂದ್ರ ನಿಮ್ಮಲ್ಲೇ ಒಯ್ತೇವಿ."

ಮೂರು ಕಾಲಿನದು

ಜೋಯಿಡಾ ದಾಟಿ ಅನಮೋಡದ ದಾರಿಯಲ್ಲಿ ಒಂದು ಸಿದ್ದಿ ಕೇರಿ. ಹುಡುಗ ಅಲ್ಲಿಯ ಕುಣಿತ ತೆಗೆಯಲು ಹೊರಟ. ಭಾಂಡೆ ಸಾವಕಾರ ಗಾಡಿ ಹತ್ತಿದ ಅಂತ ನಾನೂ ಹತ್ತಿದೆ. ಎರಡು ದಿನದ ದಾರಿ, ಗಾಡಿಯಲ್ಲಿ ನಾವಿಬ್ಬರೂ ಎದುರಾಬದುರೇ.

ಕೇರಿಯ ಹಿರಿಯ ಮುದುಕ ಕನ್ನಡಕ್ಕೆ ಕೊಂಕಣಿ ಬೆರೆಸಿ ಮಾತಾಡುವವ. ಅಂಗಳ ಸಾರಿಸಿ, ಡಮಾಮಿ ಎಂಬ ಅವರ ದೊಡ್ಡ ವಾದ್ಯದ ಚರ್ಮವನ್ನು ಬೆಂಕಿಗೆ ಕಾಯಿಸಿ ಇಟ್ಟಿದ್ದ. ಬಡಿಯುವ ಮೊದಲು ಒಂದು ಮಾತು ಅಂದ: "ನಮ್ಮ ಅಂಗಳದಾಗ ನಿಂತು ನೋಡೂ ಪದ್ಧತಿ ಇಲ್ಲ. ಬಂದವ್ರು ಕುಣೀಬೇಕು."

ನಾನು ಮಂಡಿನೋವು ಅಂದೆ. ಭಾಂಡೆ ಸಾವಕಾರ ಆಗಲೇ ಧೋತ್ರ ಎತ್ತಿ ಕಟ್ಟಿದ್ದ. ಮಂಡಿನೋವು ಹೋಯಿತು. ಅಷ್ಟು ದೊಡ್ಡ ಹೊಟ್ಟೆ ಹೊತ್ತೂ ಅವನು ಸಲೀಸಾಗಿ ಕುಣಿದ. ಹೆಂಗಸರು ಚಪ್ಪಾಳೆ ಹಾಕಿದರು. ನಾನು ಹಲ್ಲು ಕಚ್ಚಿ ಅವನಿಗಿಂತ ಎತ್ತರ ಹಾರಿದೆ. ಈ ಸಲವಾದರೂ ಮುಖ ಬಂದಿರಬೇಕು ಎಂದು ಕ್ಯಾಮೆರಾದ ಕಡೆ ನೋಡುತ್ತೇನೆ, ಹಿಂದೆ ಯಾರೂ ಇಲ್ಲ. ಮುದುಕ ಹುಡುಗನ ಕೈ ಹಿಡಿದು ಎಳೆದು ತಂದಿದ್ದಾನೆ, ಅವನೂ ನನ್ನ ಹಿಂದೆಯೇ ಕುಣಿಯುತ್ತಿದ್ದಾನೆ.

"ಅಜ್ಜಾ, ಇಂವನ್ನ ಬಿಡು, ಇಂವ ಅದನ್ನ ತಿರುವಬೇಕು" ಅಂತ ಏದುಸಿರಲ್ಲಿ ಕೂಗಿದೆ.

ಮುದುಕ ಕ್ಯಾಮೆರಾವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. "ಅದಕ್ಕ ಮೂರು ಕಾಲು. ಅದೊಂದನ್ನ ಬಿಟ್ಟೇನಿ. ಉಳಿದವ್ರು ಕುಣೀರಿ."

ಕೈ

ಸಿನಿಮಾ ಸಿದ್ಧವಾಯಿತು. ಊರಾಚೆ ಡೇರೆ ಹಾಕಿ ರಾತ್ರಿ ಸಿನಿಮಾ ತೋರಿಸುತ್ತಿದ್ದ ಕಂಪನಿಯವರ ಯಂತ್ರವನ್ನೇ ಹುಡುಗ ಹಗಲಿನ ಮಟ್ಟಿಗೆ ಬೇಡಿ ತಂದ. ಅಕ್ಕಿ ಗಿರಣಿಯ ಖಾಲಿ ಗೋದಾಮು, ಬಾಗಿಲು ಮುಚ್ಚಿ ಸಂದಿಗೆಲ್ಲ ಗೋಣಿತಾಟು ಬಡಿದು ಹಗಲನ್ನೇ ಕತ್ತಲೆ ಮಾಡಿದ್ದರು. ಊರಿಗೆ ಊರೇ ಬಂದಿತ್ತು. ಭಾಂಡೆ ಸಾವಕಾರನ ಬೀಗರೂ ಬಂದಿದ್ದರು, ನನ್ನ ಬೀಗರೂ. ಅಂದು ತೆರೆಯ ಮೇಲೆ ಕಾಣದಿದ್ದವನು ಮರುದಿನ ಅಂಗಡಿ ಬಾಗಿಲು ತೆರೆಯುವ ಹಾಗಿರಲಿಲ್ಲ.

ನನಗೆ ಅಷ್ಟೇನೂ ಭಯವಿರಲಿಲ್ಲ. ಹದಿನೈದು ದಿನ ಮೊದಲೇ ಹುಡುಗನನ್ನು ಒಬ್ಬನನ್ನೇ ಕರೆದು ಹೇಳಿದ್ದೆ: "ತಮ್ಮಾ, ಭಾಂಡೆ ಸಾವಕಾರ್ರಿಗೆ ಮಂದಿ ಮುಂದ ಕಾಣಾಕ ಭಾಳ ಸಂಕೋಚ. ಬಾಯಿಬಿಟ್ಟು ಹೇಳಂಗಿಲ್ಲ ಅವರು. ಸಿನಿಮಾದಾಗ ಅವರದು ಏನೈತಿ, ಅದನ್ನ ಕತ್ತರಿಸಿ ತೆಗದುಬಿಡು. ನಾ ಹೇಳೇನಿ ಅನ್ನಬ್ಯಾಡ." ಹುಡುಗ ಹೂಂ ಅಂದಿದ್ದ.

ತೆರೆ ಬೆಳಗಿತು. ದಾಂಡೇಲಿ ಕಾಡಿನ ಬಿದಿರು ಕಡಿಯುವವರು, ಕಾಳಿ ಹೊಳೆ ದಾಟುವ ಗಾಡಿಗಳು, ಸಿದ್ದಿ ಕೇರಿಯ ಕುಣಿತ. ಅದು ನಾವಿಬ್ಬರೂ ಊರಿಗೆ ತಿರುಗಿ ಬಂದ ಮೇಲೆ ಹುಡುಗ ಅಲ್ಲೇ ಉಳಿದು ಚಿತ್ರ ಹಿಡಿದದ್ದು. ತೇರಗಾಂವದ ಗದ್ದೆಯಲ್ಲಿ ಭತ್ತ ಬಡಿಯುವ ಹುಡುಗಿಯರು. ಆಮೇಲೆ ನಮ್ಮ ಪೇಟೆ. ಭಾಂಡೆ ಅಂಗಡಿ ಬಂತು: ಕೊಡ, ಹಂಡೆ, ತಪೇಲಿ, ಗಾದಿ ಖಾಲಿ. ನನ್ನ ಎದೆ ತಣ್ಣಗಾಯಿತು. ನನ್ನ ಅಂಗಡಿ ಬಂತು: ಸೀರೆ, ತಾನು, ಟೊಪ್ಪಿಗೆ. ನನ್ನ ಗಾದಿಯೂ ಖಾಲಿ. ಬೆನ್ನೂ ಇಲ್ಲ.

ಹಿಂದೆ ಯಂತ್ರದ ಹತ್ತಿರ ಕೂತ ಹುಡುಗನ ಕಡೆ ಬಾಗಿ, "ನಾನೆಲ್ಲಿ?" ಅಂದೆ.

"ಭಾಂಡೆ ಸಾವಕಾರ್ರು ಹೇಳಿದ್ರು ಕಾಕಾ, ನಿಮಗ ದೃಷ್ಟಿ ಭಾಳ ಲಗೂ ತಾಗ್ತೈತಿ, ತೆಗದುಬಿಡು ಅಂತ. ಹಿರೇರು, ಇಬ್ಬರ ಮಾತೂ ಮೀರಲಿಲ್ಲ."

ಅಷ್ಟರಲ್ಲಿ ತೆರೆಯ ಮೇಲೆ ಗೌಳಿ ಬಾಯಿ ಬಂದಳು. ಬಾವಿಕಟ್ಟೆಗೆ ಗಡಿಗೆ ಇಳಿಸಿ, ಸೆರಗಿನಿಂದ ಬೆವರು ಒರೆಸಿಕೊಂಡಳು. ಆಗ ಪಕ್ಕದಿಂದ ಒಂದು ಕೈ ಬಂತು. ಬಿಳಿ ಅಂಗಿಯ ತೋಳು, ತಂಬಿಗೆಯಲ್ಲಿ ನೀರು, ಬೆಲ್ಲದ ತುಂಡು. ಅವಳು ನೀರು ಕುಡಿದು ನಕ್ಕಳು. ಕೈ ಹಿಂದೆ ಸರಿಯಿತು. ಮುಖ ಕಾಣಲಿಲ್ಲ. ಇಡೀ ಗೋದಾಮು "ಆಹಾ" ಅಂದಿತು.

"ಯಾರ ಕೈರೀ ಅದು?" ಅಂತ ಯಾರೋ ಕೇಳಿದರು.

ಕತ್ತಲಲ್ಲಿ ಭಾಂಡೆ ಸಾವಕಾರ ಎದ್ದು ನಿಂತ. "ನಂದರೀ. ತಂಬಿಗಿ ನೋಡ್ರಿ, ನಮ್ಮ ಅಂಗಡೀದು."

ಅವನು ಕೂಡುವುದರೊಳಗೆ ನಾನೂ ಎದ್ದಿದ್ದೆ. "ತೋಳು ನೋಡ್ರಿ. ನನ್ನ ಅಂಗಡಿ ಅರಿವಿ. ಕೈ ನಂದು."

"ನಿಮ್ಮ ಅರಿವಿ ಊರಾಗ ಹೆಣಕ್ಕೂ ಐತಿ."

"ನಿಮ್ಮ ತಂಬಿಗಿ ಊರಿನ ಸಂಡಾಸಕ್ಕೂ ಐತಿ."

ಬೀಗರಿಬ್ಬರೂ ತಲೆ ತಗ್ಗಿಸಿದರು. ಯಂತ್ರ ನಿಲ್ಲಿಸಿ ಕಂದೀಲು ಹಚ್ಚಿದರು. ಮುಂದಿನ ಸಾಲಿನಲ್ಲಿ ಗೌಳಿ ಬಾಯಿ ಹೆಣ್ಣುಮಕ್ಕಳ ಜೋಡಿ ಕೂತಿದ್ದಳು. ಮಾಸ್ತರರು ಎದ್ದು, "ಕುಡಿದಾಕಿ ಇಲ್ಲೇ ಅದಾಳ, ಆಕಿನ್ನೇ ಕೇಳ್ರಿ. ಬಾಯಿ, ಆ ಕೈ ಯಾರದು?" ಅಂದರು.

ಅವಳು ನಮ್ಮಿಬ್ಬರನ್ನೂ ತಿರುಗಿ ನೋಡಿದಳು. ಅವಸರವೇನೂ ಇರಲಿಲ್ಲ ಅವಳಿಗೆ.

"ಯಾರದಂತ ನಾ ಮಾರಿ ನೋಡಲಿಲ್ಲರಿ, ನೀರಡಿಕಿ ಆಗಿತ್ತು. ಆದ್ರ ಇವರಿಬ್ಬರದೂ ಅಲ್ಲ. ಆ ಕೈ ಕೊಡಾಕತ್ತಿತ್ತು."

ಗೋದಾಮಿನ ತಗಡು ಹಾರುವಂಥ ನಗೆ. ಏನು ಮಾಡುವುದು, ನಾನೂ ನಕ್ಕೆ. ಭಾಂಡೆ ಸಾವಕಾರ ನಕ್ಕದ್ದು ನನ್ನ ನಂತರ. ಬೇಕಾದರೆ ಅಲ್ಲಿ ಕೂತಿದ್ದ ಯಾರನ್ನಾದರೂ ಕೇಳಿರಿ.