ಗೋಳಗುಮ್ಮಟಕ್ಕಿಂತ ಎತ್ತರ

ನಮ್ಮ ಮನೆತನದ ರಕ್ತದ ಬಗ್ಗೆ ನನಗೆ ಅಪಾರ ವಿಶ್ವಾಸ. ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಅದು ಹೆಂಡತಿಯ ತವರಿನ ಕಡೆಯಿಂದ ಬಂದದ್ದೆಂದೇ ನಂಬಿದವನು ನಾನು. ತಿಕೋಟಾದ ದ್ರಾಕ್ಷಿ ತೋಟದಲ್ಲಿ ಬೆಳೆದ ಮೈ ನನ್ನದು. ವಿಜಯಪುರದ ನಮ್ಮ ಮನೆಗೆ ಬೀಗರು ಬಂದರೆ ಗೋಳಗುಮ್ಮಟ ಹತ್ತಿಸುವ ಹೊಣೆ ನನ್ನದೇ. ಅವರು ಅರ್ಧಕ್ಕೇ ಕೂತು ಏದುಸಿರು ಬಿಡುವಾಗ ನಾನು ಮೇಲೆ ನಿಂತು, "ಬರ್ರಿ, ಬರ್ರಿ, ಇನ್ನ ಸ್ವಲ್ಪ ಐತಿ" ಎಂದು ಕೂಗುತ್ತಿರುತ್ತೇನೆ. ಹೀಗಾಗಿ ಲಡಾಖ್ ಪ್ರವಾಸ ಗೊತ್ತಾದಾಗ ನನಗಿದ್ದದ್ದು ಹೆಂಡತಿ ಮಹಾದೇವಿಯ ಚಿಂತೆ ಮಾತ್ರ. ಬಬಲೇಶ್ವರದ ಹೆಣ್ಣುಮಗಳು, ಕಡ್ಡಿಯಂಥ ಮೈ. ಅಲ್ಲಿಯ ನೀಲಿ ಸರೋವರ ನೋಡಬೇಕೆಂಬುದು ಅವಳ ಬಹುದಿನದ ಆಸೆ. "ನೀ ಲೇಹದಾಗ ರೂಮಿನ್ಯಾಗ ಇರು. ಸರೋವರ ಇನ್ನೂ ಮ್ಯಾಲೈತಿ, ನಾನೂ ಮಗಳೂ ನೋಡಿ ಬರ್ತೀವಿ" ಎಂದು ಇಲ್ಲಿಯೇ ತೀರ್ಪು ಕೊಟ್ಟುಬಿಟ್ಟಿದ್ದೆ.

ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮಗಳು ರೂಪಾ ನಕ್ಕಳು. "ಅಪ್ಪಾ, ಎತ್ತರದಾಗಿನ ತೆಳು ಹವಾ ಯಾರಿಗೆ ಒಗ್ಗತೈತಿ ಅನ್ನೋದು ಗಟ್ಟಿ ಮೈ ನೋಡಿ ಹೇಳಾಕ ಬರಂಗಿಲ್ಲ. ಹುಟ್ಟುತ್ತಲೇ ಬಂದ ಜೀನಿನ ಪಾಲೂ ಅದರಾಗ ಇರತೈತಿ. ಟಿಬೆಟ್ಟಿನ ಮಂದಿಗೆ ತಲತಲಾಂತರದಿಂದ ಬಂದೈತಿ."

"ನಮಗೂ ಬಂದೈತಿ ತಗೋ" ಎಂದೆ. ದಮ್ಮು ಕಟ್ಟಿದಾಗ ಮಹಾದೇವಿ ಬಾಯಾಡಿಸಲಿ ಎಂದು ತಿಕೋಟಾದ ಒಣದ್ರಾಕ್ಷಿಯನ್ನೂ ಕಟ್ಟಿಕೊಂಡೆ.

ಲೇಹದಲ್ಲಿ ವಿಮಾನ ಇಳಿದ ದಿನ, ಮಗಳು ಹೇಳಿದಂತೆ ಮೂವರೂ ಮಲಗಿ ವಿಶ್ರಾಂತಿ ತೆಗೆದುಕೊಂಡೆವು. ಅವರಿಬ್ಬರು ಎದ್ದರು, ನಾನು ಏಳಲಿಲ್ಲ. ತಲೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟುತ್ತಿದ್ದರು. ಬಂದ ಡಾಕ್ಟರು, ಇನ್ನೂ ಮೇಲಕ್ಕೆ ಹೋಗುವ ಮಾತೇ ಬೇಡವೆಂದರು. ನಿಮ್ಮ ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತೇ ಎಂದೂ ಕೇಳಿದರು. ಮನೆತನದ ಮಾತು ಬಂದ ಮೇಲೆ ಸುಮ್ಮನಿರಲು ಸಾಧ್ಯವೇ? ಏಳು ತಲೆಮಾರಿನಲ್ಲಿ ಒಬ್ಬರಿಗೂ ಆಗಿಲ್ಲ ಎಂದು ಮಲಗಿದಲ್ಲಿಯೇ ಎದೆಯುಬ್ಬಿಸಿದೆ.

"ಆಗೋದರೆ ಹ್ಯಾಂಗ್ರಿ?" ಎಂದಳು ಮಹಾದೇವಿ. "ನಿಮ್ಮ ಏಳು ತಲಿಮಾರಿನ್ಯಾಗ ಗೋಳಗುಮ್ಮಟಕ್ಕಿಂತ ಎತ್ತರ ಯಾರರೆ ಹತ್ಯಾರೇನು?"

ಸಿಟ್ಟು ಬಂತು. ಸಿಟ್ಟು ಮಾಡಿದರೆ ತಲೆನೋವು ಹೆಚ್ಚಾಗುತ್ತಿತ್ತು, ಬಿಟ್ಟೆ. ಮೈ ಹವೆಗೆ ಹೊಂದಿದ ಮೇಲೆ ತಾಯಿ ಮಗಳು ಸರೋವರಕ್ಕೆ ಹೊರಟರು. ಹೋಗುವಾಗ ಮಹಾದೇವಿ ಒಣದ್ರಾಕ್ಷಿಯ ಪೊಟ್ಟಣವನ್ನು ನನ್ನ ದಿಂಬಿನ ಪಕ್ಕ ಇಟ್ಟಳು. ಅವಳ ಮಾತಿಗಿಂತ ಅದೇ ಹೆಚ್ಚು ನಾಟಿತು.

ಮೊನ್ನೆ ಮತ್ತೆ ಬೀಗರು ಬಂದಿದ್ದರು. ಗುಮ್ಮಟದ ಮೆಟ್ಟಿಲ ಮೇಲೆ ಅರ್ಧಕ್ಕೇ ಕೂತವರ ಪಕ್ಕದಲ್ಲಿ ನಾನೂ ಕೂತು, "ನಿಮ್ಮ ತಪ್ಪಲ್ರೀ ಇದು, ರಕ್ತದಾಗಿಂದು" ಎಂದು ಜೀನಿನ ವಿಷಯವನ್ನೆಲ್ಲ ಅಧಿಕಾರವಾಣಿಯಿಂದ ತಿಳಿಸಿ ಹೇಳುತ್ತಿದ್ದೆ. ಅಷ್ಟರಲ್ಲಿ ಮೇಲಿನಿಂದ ಮಹಾದೇವಿಯ ದನಿ ಕೇಳಿಸಿತು:

"ಬರ್ರಿ, ಬರ್ರಿ, ಇನ್ನ ಸ್ವಲ್ಪ ಐತಿ!"