ಬಸ್ಸಪ್ಪನ ತೂಕ

ಸಿಂಧನೂರಿಗೆ ಕಂಪ್ಯೂಟರ್ ಆಗಷ್ಟೇ ಕಾಲಿಟ್ಟ ದಿನಗಳವು. ಅದರ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗುತ್ತಿದ್ದೆವು, ಊದಿನಕಡ್ಡಿಯನ್ನೂ ಹಚ್ಚುತ್ತಿದ್ದೆವು. ಆ ಭಯಭಕ್ತಿ ನೆನಪಾದರೆ ನಗು ಬರುತ್ತದೆ, ಅಂಥ ದಿನಗಳು ಹೋದವಲ್ಲ ಎಂದು ಬೇಸರವೂ ಆಗುತ್ತದೆ. ಆಗಲೇ ಮಸ್ಕಿಯ ಯಂಕೋಬ ಎಂಬ ಹುಡುಗ ಹಾಜಿಸಾಬರ ಅಕ್ಕಿ ಮಿಲ್ಲಿಗೆಂದು ತೂಕದ ಪ್ರೋಗ್ರಾಮ್ ಬರೆದು ತಂದಿದ್ದ. ಅದು ಪರೀಕ್ಷೆಯಲ್ಲಿ ಪಾಸಾದರೆ ಅವನಿಗೆ ಅಲ್ಲೇ ನೌಕರಿ.

ಪರೀಕ್ಷೆ ಸರಳ. ಹಮಾಲಿ ಬಸ್ಸಪ್ಪ ಮೂಟೆ ತೂಗುವ ಕಾಟಾದ ಮೇಲೆ ನಿಲ್ಲಬೇಕು. ಕಾಟಾ ತೋರಿಸಿದ ತೂಕವನ್ನು ಹಾಜಿಸಾಬರು ಕಂಪ್ಯೂಟರಿನಲ್ಲಿ ಕೈಯಿಂದ ಒತ್ತಬೇಕು. ಕಾಟಾದಿಂದಲೂ ವೈರಿನಲ್ಲಿ ಅದೇ ತೂಕ ಬರುತ್ತದೆ. ಎರಡೂ ಒಂದೇ ಆದರೆ ಕಂಪ್ಯೂಟರ್ 'ಸರಿ' ಅನ್ನಬೇಕು.

ಹಾಜಿಸಾಬರು ಬಿಸ್ಮಿಲ್ಲಾ ಅಂದು 62.5 ಒತ್ತಿದರು. ಕಂಪ್ಯೂಟರ್ 'ತಪ್ಪು' ಅಂದಿತು.

"ಬಸ್ಸಪ್ಪ ಅಳ್ಳಾಡ್ಯಾನ್ರೀ," ಅಂದ ಗುಮಾಸ್ತ ಚಾಂದ್‌ಪಾಷಾ. ಬಸ್ಸಪ್ಪ ಉಸಿರು ಬಿಗಿಹಿಡಿದ. ತಪ್ಪು. ಫ್ಯಾನ್ ನಿಲ್ಲಿಸಿದರು. ತಪ್ಪು.

"ಮೂಡಲಕ್ಕ ಮಾರಿ ಮಾಡಿ ನಿಲ್ಲಿಸ್ರಿ," ಅಂದಳು ಕಸ ಗುಡಿಸುತ್ತಿದ್ದ ಗದ್ದೆಮ್ಮ. ಹಾಗೆ ನಿಲ್ಲಿಸಿದರೂ ತಪ್ಪೇ.

ಹಾಜಿಸಾಬರು ಎದ್ದರು. "ನಾ ಒತ್ತಿದ ಅಂಕಿ ಯಾರೂ ಮುಟ್ಟಬ್ಯಾಡ್ರಿ. ನಮಾಜ್ ಮುಗಿಸಿ ಬರತೀನಿ. ಅಷ್ಟರಾಗ ಸರಿ ಆಗಲಿಲ್ಲಾಂದ್ರ ನಿನ್ನ ಕಂಪ್ಯೂಟರ್ ಡಬ್ಬಿ ತಗೊಂಡು ಮಸ್ಕಿ ಬಸ್ ಹತ್ತು."

ಯಂಕೋಬ ಪರದೆಯ ಮುಂದೆ ಕೂತ. ಬೆನ್ನ ಹಿಂದೆ ಬಸ್ಸಪ್ಪ ಬೇರೆ ನಿಟ್ಟುಸಿರು ಬಿಡುತ್ತಿದ್ದ. ಮುಂಜಾನೆಯಿಂದ ನಿಂತೇ ಇದ್ದ ಜೀವ. "ಕಾಕಾ, ಕೆಳಗಿಳೀರಿ," ಎಂದು ತನ್ನ ಬುತ್ತಿಯನ್ನೇ ಅವನ ಕೈಗಿಟ್ಟು ಮತ್ತೆ ಪರದೆಗೆ ಕಣ್ಣು ನೆಟ್ಟ.

ಕೊನೆಗೂ ಕಳ್ಳ ಸಿಕ್ಕ. ಹಾಜಿಸಾಬರು ಒತ್ತಿದ್ದು 62.5, ಕಾಟಾ ಕಳಿಸಿದ್ದು 62.50. ಕಂಪ್ಯೂಟರ್ ತೂಕ ಬಿಟ್ಟು ಬರವಣಿಗೆ ನೋಡುತ್ತಿತ್ತು, ಒಬ್ಬನೇ ಮನುಷ್ಯ ಟೊಪ್ಪಿಗೆ ಹಾಕಿದ ಕೂಡಲೇ ಗುರುತು ಸಿಗಲಿಲ್ಲ ಅಂದ ಹಾಗೆ. ಬಾಲದ ಸೊನ್ನೆಯನ್ನು ಲೆಕ್ಕಿಸಬೇಡ ಎಂದು ಯಂಕೋಬ ತಿದ್ದಿದ. ಹಸಿವನ್ನೂ ಮರೆತ.

ಹಾಜಿಸಾಬರು ಬಂದರು. ಬಸ್ಸಪ್ಪ ಉಸಿರು ಬಿಗಿಹಿಡಿದು ಕಾಟಾ ಹತ್ತಿದ. ಯಂಕೋಬ ಮದುಮಗನಂತೆ ನಾಚುತ್ತ ಗುಂಡಿ ಒತ್ತಿದ.

'ತಪ್ಪು.'

ಪರದೆಯ ಮೇಲೆ 62.5 ಇತ್ತು. ಪಕ್ಕದಲ್ಲಿ 63.70 ಇತ್ತು.

"ಮನುಷ್ಯಾ ಅವನೇ, ಕಾಟಾನೂ ಅದೇ! ತೂಕ ಬ್ಯಾರೆ ಹೆಂಗಾಗತೈತಿ?" ಹಾಜಿಸಾಬರು ಗುಡುಗಿದರು.

"ಸಾಹೇಬ್ರ, ಈಗ ಅದು ಖರೇನ ಹೇಳಾಕತ್ತೈತ್ರೀ! ಬಸ್ಸಪ್ಪ ಕಾಕಾ ರೊಟ್ಟಿ..."

"ಮುಂಜಾನಿ ಫ್ಯಾನ್ ಅಂದ್ರಿ, ಮೂಡಲ ಅಂದ್ರಿ. ಈಗ ರೊಟ್ಟಿ ಮ್ಯಾಲ ಹಾಕತೀಯೇನು? ಎತ್ತು ಡಬ್ಬಿ!"

ಬಸ್ಸಪ್ಪ ಕಾಟಾ ಇಳಿದು, ಖಾಲಿ ಬುತ್ತಿಯನ್ನು ಯಂಕೋಬನ ಕೈಗಿಟ್ಟು ತೃಪ್ತಿಯಿಂದ ತೇಗಿದ.

"ನೌಕರಿ ಹೋದ್ರ ಹೋಗಲಿ ಬಿಡೋ ತಮ್ಮಾ. ನಿಮ್ಮವ್ವನ ಪುಂಡಿಪಲ್ಯ ಮಾತ್ರ ಭಾಳ ಛಲೋ ಇತ್ತು."