ಸಮುದ್ರವನ್ನು ಮಾತಾಡಿಸಿದ ಮಾಮಾ

ನಮ್ಮ ಮಾಮಾನಿಗೆ ದೆವ್ವಗಳಲ್ಲಿ ನಂಬಿಕೆಯಿಲ್ಲ. ದೆವ್ವಗಳಿಗೇ ಅವನಲ್ಲಿ ನಂಬಿಕೆ! ಇಲ್ಲದಿದ್ದರೆ ಅಕ್ಕಲಕೋಟ ತಾಲೂಕಿನಲ್ಲಿ ಇಷ್ಟೊಂದು ಜನ ಇರುವಾಗ ಅವೆಲ್ಲ ಅವನೊಬ್ಬನನ್ನೇ ಏಕೆ ಹುಡುಕಿಕೊಂಡು ಬರಬೇಕು? ಬೀಗ ತೆಗೆದ ಹಳೆಯ ಮನೆಯಾಗಲಿ, ನಿಲ್ದಾಣದಲ್ಲಿ ಖಾಲಿ ನಿಂತ ಬಸ್ಸಾಗಲಿ, ಕಾಲಿಡುವ ಮುನ್ನ ಹೆಗಲ ಕಂಬಳಿ ಸರಿಪಡಿಸಿಕೊಂಡು "ಬರ್ಲೇನ್ರಿ?" ಎಂದು ಕೇಳುತ್ತಾನೆ. ಉತ್ತರಕ್ಕೆ ಕಾಯುತ್ತಾನೆ. ಅಲ್ಲಿಯವರೆಗೆ ಭಯವೇನಿಲ್ಲ. ಸ್ವಲ್ಪ ಹೊತ್ತಿಗೆ ತಲೆಯಾಡಿಸಿ ಒಳಗೆ ಹೋಗುತ್ತಾನಲ್ಲ, ಆಗ ಶುರು!

ನಾನು ಕಾಲೇಜಿನ ವಾದಸ್ಪರ್ಧೆಗಳಲ್ಲಿ ಪಳಗಿದವಳು. ಪುರಾವೆಯಿಲ್ಲದೆ ಚಹಾ ಬಿಸಿಯಿದೆ ಎಂದರೂ ಒಪ್ಪುವುದಿಲ್ಲ. ಅವನೋ, ಸೊಂಟದಲ್ಲಿ ಕುರಿಗಾರರ ದೇವರು ಬೀರೋಬಾನ ಭಂಡಾರದ ಚೀಲ ಕಟ್ಟಿಕೊಂಡು ಕುರಿ ಕಾಯ್ದವನು. ಅರಿಸಿನದ ಪುಡಿ ಕೈಯಲ್ಲಿದ್ದರೆ ಬೇರೆ ಪುರಾವೆ ಬೇಡ.

"ಹೂಂ ಅಂದವರು ಯಾರು ಮಾಮಾ?"

"ಒಳಗ ಇದ್ದವರು."

"ಒಳಗ ಯಾರೂ ಇಲ್ಲಲ್ಲ!"

"ಹಂಗಾರ ನೀ ಯಾಕ ಪಿಸುಪಿಸು ಮಾತಾಡಾಕತ್ತಿ?"

ಇಂಥ ಪ್ರಶ್ನೆಗೆ ಯಾವ ತೀರ್ಪುಗಾರ ಅಂಕ ಕೊಡುತ್ತಾನೆ, ಹೇಳಿ?

ಒಮ್ಮೆ ನನಗೆ ಬಟ್ಟೆ ಕೊಡಿಸಲು ಸೋಲಾಪುರದ ನವಿ ಪೇಠಕ್ಕೆ ಬಂದಿದ್ದ. ಅಂಗಡಿಯ ಬಾಗಿಲಲ್ಲಿ ಸೀರೆ ಉಡಿಸಿದ, ತಲೆಯಿಲ್ಲದ ಗೊಂಬೆಯೊಂದು ನಿಂತಿತ್ತು. ಮಾಮಾ ಅದರ ಮುಂದೆ ಕೈಮುಗಿದು, "ಬಾಯಾರ, ಜರಾ ಸರೀರಿ" ಎಂದ. ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾಕಾ, ಅದು ಗೊಂಬಿ ಐತ್ರಿ!"

"ನನಗ ಗೊತ್ತೈತಿ. ಅದು ಆಕೀಗೆ ಗೊತ್ತೈತೇನು?"

ಕೆಲವು ದಿನ ಬಿಟ್ಟು ನಾನೊಬ್ಬಳೇ ಆ ದಾರಿಯಲ್ಲಿ ಹೋದಾಗ ಗೊಂಬೆಯನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ್ದರು. ಏಕೆಂದು ಕೇಳಿದೆ. ಅಂಗಡಿಯವನು "ಹಂಗ ಸುಮ್ನ" ಎಂದ. ನಗಲಿಲ್ಲ.

ಇಂಥವನ ಕೈಯಲ್ಲಿ ನನ್ನ ಮುಂದಿನ ಬದುಕು ಸಿಕ್ಕಿಕೊಂಡಿತ್ತು! ಕಾನೂನು ಓದಲು ಪುಣೆಗೆ ಹೋಗಬೇಕೆಂಬುದು ನನ್ನ ಹಟ. ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತೀರಿಕೊಂಡಳು, ಅಪ್ಪ ಬೇರೆ ಸಂಸಾರ ಹೂಡಿದ. ಆಡಿನ ಹಾಲು ಕುಡಿಸಿ ಬೆಳೆಸಿದವನು ಅವ್ವನ ಅಣ್ಣನಾದ ಈ ಮಾಮಾನೇ. ಅವನು ಹೂಂ ಎನ್ನದೆ ನಾನು ಊರು ಬಿಡುವವಳಲ್ಲ. ನನ್ನ ವಾದವನ್ನೆಲ್ಲ ಕೊನೆಯವರೆಗೂ ಕೇಳಿ ಅವನು ಹೇಳಿದ್ದಿಷ್ಟೇ: "ನಿಮ್ಮವ್ವನ್ನ ಕೇಳಿ ಹೇಳ್ತೀನಿ."

ಅವ್ವನ ಬೂದಿ ಬಿಟ್ಟದ್ದು ಭೀಮೆಯಲ್ಲಿ. ಅಲ್ಲಿಗೆ ಹೋಗಿ ದಂಡೆಯಲ್ಲಿ ಇಡೀ ಮಧ್ಯಾಹ್ನ ಕುಳಿತು, ಸಪ್ಪೆ ಮುಖ ಹಾಕಿಕೊಂಡು ಹಿಂದಿರುಗಿದ. "ಬರೇ ಉಸುಕ ಐತಿ. ನೀರಿನ ಸಂಗಟ ಮುಂದ ಹೋಗ್ಯಾಳ. ಆ ನೀರು ಎಲ್ಲಿಗೆ ಹೋಗ್ತೈತಿ?"

"ಸಮುದ್ರಕ್ಕ" ಎಂದೆ, ಪುಸ್ತಕದಿಂದ ತಲೆ ಎತ್ತದೆ. ಸರಿಯಾದ ಉತ್ತರವೂ ಎಂಥ ತೊಂದರೆ ತರುತ್ತದೆ ನೋಡಿ! ಕೊಂಕಣದ ಊರೊಂದರಲ್ಲಿ ನನ್ನ ವಾದಸ್ಪರ್ಧೆ ಎಂದು ತಿಳಿದದ್ದೇ ತಡ, ಮಾಮಾ ರೊಟ್ಟಿ ಶೇಂಗಾ ಚಟ್ನಿ ಕಟ್ಟಿಕೊಂಡು ನನಗಿಂತ ಮೊದಲು ಬಸ್ಸಿನಲ್ಲಿ ಕುಳಿತಿದ್ದ.

ಸ್ಪರ್ಧೆಯ ವಿಷಯ ಅಂಧಶ್ರದ್ಧೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಾಮಾನನ್ನು ನೋಡುತ್ತಲೇ ಅವನ ಜಗತ್ತನ್ನೆಲ್ಲ ಚೂರುಚೂರು ಮಾಡಿದೆ. ಬಹುಮಾನವೂ ಬಂತು. ಹೊರಗೆ ಬಂದಾಗ ಬೆನ್ನು ತಟ್ಟಿದ. "ಛಲೋ ಮಾತಾಡಿದಿ. ಹಿಂದಿನ ಸಾಲಿನವರೂ ಭಾಳ ಖುಷಿ ಆದ್ರು."

ಹಿಂದಿನ ಸಾಲು ಖಾಲಿಯಿತ್ತು.

ಮರುದಿನ ಬಿಡುವು. ಲಾಡ್ಜಿನವರು ಒಂದು ಕಡಲತೀರ ಹೇಳಿದರು; ಅಲ್ಲಿ ಆಮೆಗಳ ಮೊಟ್ಟೆ ಕಾಯುತ್ತಾರಂತೆ, ಸಂಜೆ ಮರಿಗಳನ್ನು ನೀರಿಗೆ ಬಿಡುತ್ತಾರಂತೆ. ರಿಕ್ಷಾದವನು ನಮ್ಮನ್ನು ಗಾಳಿಮರಗಳ ತೋಪಿನ ಈಚೆಯೇ ಇಳಿಸಿ ಹೋದ. ಮುಂದೆ ನಡೆದೆವು. ತೋಪಿನೊಳಗೆ ನಮ್ಮ ಹೆಜ್ಜೆಯ ಸದ್ದೂ ಕೇಳದಷ್ಟು ಮೆತ್ತಗೆ ಹಾಸಿದ ಸೂಜಿಯಂಥ ಒಣ ಎಲೆ. ಮೇಲೆ ಮಾತ್ರ ನೂರು ಜನ ಸೇರಿ ಒಂದೇ ಗುಟ್ಟು ಹೇಳಿಕೊಳ್ಳುತ್ತಿದ್ದಂತೆ ಸುಯ್ಯೆನ್ನುವ ಸದ್ದು. ಗಾಳಿ, ಬರೀ ಗಾಳಿ ಎಂದು ನನಗೆ ನಾನೇ ಹೇಳಿಕೊಂಡೆ. ಬಹಳ ಸಲ ಹೇಳಿಕೊಂಡೆ.

ತೋಪು ಮುಗಿದರೆ ಬೂದು ಮರಳು, ಬೂದು ನೀರು. ಬಜ್ಜಿಯ ಅಂಗಡಿಯಿಲ್ಲ, ಕಿರುಚುವ ಮಕ್ಕಳಿಲ್ಲ, ಒಂದು ನಾಯಿಯೂ ಇಲ್ಲ. ನೀರಿನಿಂದ ಟ್ರ್ಯಾಕ್ಟರ್ ಗಾಲಿಯಂಥ ಒಂದು ಗುರುತು ನೇರ ಮೇಲೆ ಬಂದು, ಒಂದು ತಗ್ಗಿನ ಬಳಿ ನಿಂತು, ಮತ್ತೆ ನೀರಿಗೇ ಇಳಿದು ಹೋಗಿತ್ತು. ಮಾಮಾ ಕುಕ್ಕರಗಾಲಲ್ಲಿ ಕುಳಿತು ಕುರಿಯ ಹೆಜ್ಜೆ ನೋಡುವಂತೆ ನೋಡಿದ.

"ಯಾರೋ ಬಂದು, ಕೆದರಿ, ಹೊಳ್ಳಿ ಹೋಗ್ಯಾರ. ಅಗದಿ ದಣಿದಿದ್ರು."

ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಆಮಿ ಮಾಮಾ! ತತ್ತಿ ಇಟ್ಟು ಹೋಗೇತಿ, ಅಷ್ಟ!"

"ಮರಿ ನೋಡಾಕ ಬರಾಂಗಿಲ್ಲೇನು?"

"ಬರಾಂಗಿಲ್ಲ."

"ಮತ್ತ ಅವನ್ನ ಯಾರು ನೋಡ್ತಾರ?"

"ಯಾರೂ ಇಲ್ಲ."

ಮಾಮಾ ಕಂಬಳಿ ಬಿಗಿಯಾಗಿ ಹೊದ್ದುಕೊಂಡ.

ಬೇಲಿ ಹಾಕಿದ ಜಾಗದಲ್ಲಿ ಖಾಕಿ ಅಂಗಿಯ ಕಾವಲುಗಾರನೊಬ್ಬ ಮರಳ ಮೇಲೆ ಬೋರಲು ಹಾಕಿದ್ದ ಬುಟ್ಟಿ ಎತ್ತಿದ. ಕೆಳಗೆ ಏನೂ ಇರಲಿಲ್ಲ. "ಖಾಲಿ ಐತಲ್ಲ" ಎಂದು ನಾನು ಹೇಳುವಷ್ಟರಲ್ಲಿ ಮರಳು ಉಸಿರಾಡಿತು! ಹೌದು, ಉಸಿರಾಡಿತು, ಬೇರೆ ಶಬ್ದವಿದ್ದರೆ ಕೊಡಿ. ಒಂದು ಪುಟ್ಟ ಕಪ್ಪು ಕೈ ಮೇಲೆ ಬಂತು. ಆಮೇಲೆ ಒಂದು ತಲೆ. ಆಮೇಲೆ ನೆಲವೇ ಕುದಿಯುವಂತೆ ಎಲ್ಲ ಕಡೆಯಿಂದ ಕೈಗಳು. ಹಿಂದಿನ ದಿನ ಅಂಧಶ್ರದ್ಧೆಯ ಮೇಲೆ ಬಹುಮಾನ ಗೆದ್ದಿದ್ದ ನಾನು ಮಾಮಾನ ಕಂಬಳಿಯ ಹಿಂದೆ ನಿಂತಿದ್ದೆ. ಚಳಿಗೆ, ಇನ್ನೇನು?

ಕಾವಲುಗಾರ ಮರಿಗಳನ್ನು ಮರಳಲ್ಲಿ ಅಡ್ಡ ಕಟ್ಟಿದ್ದ ಹಗ್ಗದಾಚೆ, ಅಲೆಗಳಿಂದ ಸ್ವಲ್ಪ ದೂರದಲ್ಲಿ ಬಿಟ್ಟ. ಯಾರೂ ದಾರಿ ಹೇಳದೆ ಅವು ಬೂದು ನೀರಿನ ಕಡೆ ಹೊರಟವು. ಮಾಮಾ ಚಪ್ಪಲಿ ಬಿಟ್ಟು ಹಗ್ಗದ ಬಳಿ ನಡೆದ.

"ಕಾಕಾ, ದೋರೀಚ್ಯಾ ಪುಢೇ ನಕೋ!" ಎಂದು ಕಾವಲುಗಾರ ಮರಾಠಿಯಲ್ಲಿ ಕೂಗಿದ. ಮಾಮಾ ಹಗ್ಗ ದಾಟಲಿಲ್ಲ. ಚೀಲದಿಂದ ಚಿಟಿಕೆ ಭಂಡಾರ ತೆಗೆದು ಎರಚಲು ಕೈಯೆತ್ತಿದ. ಕಾವಲುಗಾರ ಅದಕ್ಕೂ ಬೇಡವೆಂದು ತಲೆಯಾಡಿಸಿದಾಗ ಅದನ್ನು ತನ್ನ ಹಣೆಗೇ ಹಚ್ಚಿಕೊಂಡ. ಆಮೇಲೆ, ಸಂಜೆ ಗುಡ್ಡದಲ್ಲಿ ಹಿಂದುಳಿದ ಕುರಿಯನ್ನು ಕರೆಯುವ ಉದ್ದನೆಯ ದನಿಯಲ್ಲಿ ಕರೆದ:

"ಓ ತಂಗೀ… ಪೋರಿ ಪುಣೇಕ ಹೋಗ್ತೀನಿ ಅಂತಾಳಾ… ಕಳಸ್ಲೇನು?"

ಅಷ್ಟು ಹೊತ್ತು ಸುಯ್ಗುಡುತ್ತಿದ್ದ ತೋಪು ತಟ್ಟನೆ ಸುಮ್ಮನಾಯಿತು. ಅಲೆಗಳ ಆಚೆ ಒಂದು ಕಪ್ಪು ದುಂಡು ತಲೆ ಎದ್ದು ನಿಂತಿತು. ನಮ್ಮ ಕಡೆಯೇ ಮುಖ. ಅಲೆ ಏರಿಳಿದರೂ ಅದು ಕದಲಲಿಲ್ಲ. ಕಟ್ಟಿಗೆಯ ತುಂಡಿರಬೇಕು, ನೀರುಕಾಗೆಯಿರಬೇಕು, ಆಮೆಯೇ ಇರಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಮರಿ ಬಿಡುವ ಹೊತ್ತಿನಲ್ಲಿ ಇಷ್ಟು ಹತ್ತಿರ ಏನೂ ಬಂದದ್ದನ್ನು ನೋಡಿಲ್ಲ ಎಂದು ಕಾವಲುಗಾರ ಗೊಣಗಿದ. ಮಾಮಾ ಮಾತ್ರ "ಹೂಂ… ಹೂಂ…" ಎನ್ನುತ್ತಿದ್ದ, ಫೋನಿನಲ್ಲಿ ಮಾತಾಡುವವನಂತೆ. ಕೊನೆಯ ಮರಿ ನೀರು ಸೇರಿದಾಗ ಆ ತಲೆಯೂ ಇರಲಿಲ್ಲ.

"ಹೋಗಲಿ ಅಂದ್ಲು" ಎಂದ ಮಾಮಾ, ನನ್ನ ಕಡೆ ತಿರುಗಿ. "ವಾದ ಜರಾ ಕಮ್ಮಿ ಮಾಡು ಅಂತನೂ ಅಂದ್ಲು."

ಒಪ್ಪಿಗೆ ಸಿಕ್ಕಿತ್ತು! ಆದರೆ ನಾಲಿಗೆ ಸುಮ್ಮನಿರಬೇಕಲ್ಲ? ಭೀಮೆ ಹರಿಯುವುದು ಪೂರ್ವಕ್ಕೆ. ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಾವು ನಿಂತಿದ್ದುದು ಪಶ್ಚಿಮದ ದಂಡೆಯಲ್ಲಿ. ಮಾಮಾ ಕೇಳಿದ್ದು ತಪ್ಪು ಸಮುದ್ರವನ್ನು! ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಇಂಥ ಪಾಯಿಂಟ್ ಕೈಯಲ್ಲಿಟ್ಟುಕೊಂಡು ಯಾವ ವಾದಪಟು ಸುಮ್ಮನಿರುತ್ತಾಳೆ? "ಮಾಮಾ, ಭೀಮಾ…" ಎಂದು ಬಾಯಿ ತೆರೆದೇಬಿಟ್ಟೆ.

ಅವನು ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

"ಇನ್ನೊಂದು ಹೇಳ್ಯಾಳ ಪೋರಿ. ನೀ ಮಾತಾಡೂದು ಕಲಿಯೂದ್ರೊಳಗ ಆಕಿ ಹೋದ್ಲಲ್ಲ… ನಿನ್ನ ಮಾತು ಒಂದೂ ಕೇಳಿಲ್ಲಂತ. ಏನರ ಮಾತಾಡಸು ಅಂದಾಳ."

ನಾನು ನಿಂತೆ. ಎಂಥೆಂಥ ಸಭಾಂಗಣಗಳಲ್ಲಿ ಗಂಟೆ ಬಾರಿಸಿದರೂ ನಿಲ್ಲದ ನನಗೆ ಒಂದು ವಾಕ್ಯವೂ ಹೊಳೆಯಲಿಲ್ಲ. ಕತ್ತಲಾಗುತ್ತಿತ್ತು. ಹಗ್ಗದವರೆಗೆ ಹೋಗಿ, ಆ ತಪ್ಪು ಸಮುದ್ರದ ಕಡೆ ಮುಖ ಮಾಡಿ, ಯಾರನ್ನೂ ಎಂದೂ ಹಾಗೆ ಕರೆದಿರದ ನಾನು ಕರೆದೆ:

"ಅವ್ವಾ!"